ವಾಲಚಂದ್ ಹೀರಾಚಂದ್

ಬೆಂಗಳೂರಿನ ಪೂರ್ವಭಾಗದಲ್ಲಿರುವ ಎಚ್.ಎ.ಎಲ್. ವಿಮಾನ ನಿಲ್ದಾಣದ ಹುಟ್ಟಿನೊಡನೆ ಒಬ್ಬ ಸಾಹಸಿಯ ಹೆಸರು ಬೆಸೆದುಕೊಂಡಿದೆ. ಅವರೇ ವಾಲಚಂದ್ ಹೀರಾಚಂದರು.

ವಾಲಚಂದರು 1882ರ ನವೆಂಬರ್ 23ರಂದು ಸೊಲ್ಲಾಪುರದ ಜೈನ ವರ್ತಕ ಮನೆತನದಲ್ಲಿ ಜನಿಸಿದರು. ಮನೆತನದ ವ್ಯಾಪಾರದಲ್ಲಿ ಅವರ ಮನಸ್ಸು ನೆಲೆಗೊಳ್ಳಲಿಲ್ಲ. ರೈಲುಮಾರ್ಗದ ಗುತ್ತಿಗೆದಾರರಾಗಿ ಸ್ವತಂತ್ರ ಜೀವನವನ್ನು ಆರಂಭಿಸಿದರು. 1919ರಲ್ಲಿ ನರೋತ್ತಮ ಮುರಾರ್ಜಿ ಮೊದಲಾದವರೊಡನೆ ಸಿಂಧಿಯಾ ಹಡಗು ಕಂಪನಿಯನ್ನು ಸ್ಥಾಪಿಸಿದರು. ಅದರ ‘ಲಾಯಲ್ಟಿ’ ಹಡಗು ಆ ವರ್ಷದ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಪ್ರಬಲರಾದ ಆಂಗ್ಲ ಹಡಗು ಕಂಪನಿಗಳ ಪೈಪೋಟಿಗೆ ಅವರು ಎದೆಗುಂದಲಿಲ್ಲ.

1939ರಲ್ಲಿ ಅಮೆರಿಕಕ್ಕೆ ಪಯಣಿಸುತ್ತಿದ್ದಾಗ ವಾಲಚಂದರಿಗೆ ವಿಲಿಯಂ ಪಾಲಿ ಎಂಬ ವಿಮಾನೋದ್ಯಮಿಯ ಪರಿಚಯವಾಯಿತು. ಭಾರತದಲ್ಲಿಯೇ ವಿಮಾನಗಳನ್ನು ನಿರ್ಮಿಸಬೇಕೆಂಬ ಹಂಬಲ ಅವರಲ್ಲಿ ಬಲಿಯಿತು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಮೈಸೂರು ಸಂಸ್ಥಾನವು ಅವರಿಗೆ ಬೆಂಬಲವಾಗಿ ನಿಂತು, ಭೂಮಿಯನ್ನೂ ಬಂಡವಾಳವನ್ನೂ ಒದಗಿಸಿತು. ಬೆಂಗಳೂರಿನಲ್ಲಿ ವಿದ್ಯುಚ್ಛಕ್ತಿ ದೊರೆಯುತ್ತಿತ್ತು, ಹವೆಯೂ ಹಿತಕರವಾಗಿತ್ತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಅಸ್ತಿತ್ವಕ್ಕೆ ಬಂದಿತು. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಅದೇ ವರ್ಷ ಹಾರ್ಲೋ ತರಬೇತಿ ವಿಮಾನವೊಂದು ಇಲ್ಲಿ ಸಿದ್ಧವಾಗಿ ಗಗನಕ್ಕೇರಿತು.

ಆದರೆ ಯುದ್ಧವು ಪೂರ್ವದಿಕ್ಕಿನಿಂದ ಭಾರತದ ಗಡಿಯನ್ನು ಸಮೀಪಿಸಿತು. 1942ರಲ್ಲಿ ಸರ್ಕಾರವು ವಾಲಚಂದರ ಪಾಲನ್ನು ಕೊಂಡು ಕಾರ್ಖಾನೆಯನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ತಾವು ನೆಟ್ಟ ಸಸಿ ಚಿಗುರುತ್ತಿದ್ದಾಗಲೇ ಅವರು ಅದನ್ನು ಬಿಟ್ಟುಕೊಡಬೇಕಾಯಿತು. ಆದರೂ ಅವರು ಕೈಕಟ್ಟಿ ಕೂರಲಿಲ್ಲ. ಅವರ ಕಂಪನಿಯು ವಿಶಾಖಪಟ್ಟಣದಲ್ಲಿ ನಿರ್ಮಿಸಿದ ‘ಜಲ ಉಷಾ’ ಹಡಗು 1948ರಲ್ಲಿ ನೀರಿಗಿಳಿಯಿತು. 1953ರ ಏಪ್ರಿಲ್ 8ರಂದು ವಾಲಚಂದರು ನಿಧನರಾದರು.

ಅವರು ಆರಂಭಿಸಿದ ಸಂಸ್ಥೆ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರನ್ನು ಪಡೆಯಿತು. ಕಾರ್ಖಾನೆಯ ವಿಮಾನ ನಿಲ್ದಾಣವು ಹಲವು ದಶಕಗಳ ಕಾಲ ಬೆಂಗಳೂರಿನ ಹೆಬ್ಬಾಗಿಲಾಗಿತ್ತು. 2008ರ ಮೇ 24ರಂದು ಸಾರ್ವಜನಿಕ ವಿಮಾನ ಸಂಚಾರವು ದೇವನಹಳ್ಳಿಗೆ ಸ್ಥಳಾಂತರಗೊಂಡಿತು. ಆದರೆ ಹಳೆಯ ನಿಲ್ದಾಣ ಬರಿದಾಗಲಿಲ್ಲ. ಸುಮಾರು 3,300 ಮೀಟರ್ ಉದ್ದದ ಅದರ ಓಡುಪಥ, ವಿಮಾನಗಳನ್ನಿಡುವ ವಿಶಾಲವಾದ ಕೊಟ್ಟಿಗೆಗಳು, ಸಂಚಾರ ನಿಯಂತ್ರಣ ಗೋಪುರ ಇವೆಲ್ಲವೂ ಉಪಯೋಗದಲ್ಲಿ ಉಳಿದವು. ಉದ್ಯಮಿಗಳ ಸಣ್ಣ ವಿಮಾನಗಳು, ಗಣ್ಯರ ವಿಮಾನಗಳು, ಪರೀಕ್ಷಾರ್ಥವಾಗಿ ಹಾರುವ ಯುದ್ಧವಿಮಾನಗಳು ಅದನ್ನು ಆಶ್ರಯಿಸಿದವು.

ಫಲವು ತಮ್ಮ ಕೈಗೆ ದೊರೆಯದಿದ್ದರೂ, ನಾಡಿಗೆ ದೊರೆಯುವಂತಹ ಕಾರ್ಯವನ್ನು ವಾಲಚಂದರು ಮಾಡಿದರು.