ಕೆಳದಿ ಚೆನ್ನಮ್ಮಾಜಿ: ದಾಂಪತ್ಯ, ಪ್ರಭುತ್ವ ಮತ್ತು ಸೋದೆಯ ಗಡಿ

೧

ಕರ್ನಾಟಕದ ರಾಣಿಯರ ಚರಿತ್ರೆಯಲ್ಲಿ ಕೆಳದಿಯ ಚೆನ್ನಮ್ಮಾಜಿಯ ಹೆಸರು ಸಾಮಾನ್ಯವಾಗಿ ಎರಡು ಕಾರಣಗಳಿಗಾಗಿ ಉಲ್ಲೇಖಗೊಳ್ಳುತ್ತದೆ. ಬಿದನೂರಿನ ಗದ್ದುಗೆಯಲ್ಲಿ ಕುಳಿತು ಆಕೆ ೧೬೭೧ರಿಂದ ೧೬೯೬ರವರೆಗೆ, ಕಾಲು ಶತಮಾನ, ರಾಜ್ಯವಾಳಿದಳೆಂಬುದು ಒಂದು. ಮೊಗಲರ ಸೇನೆ ಬೆನ್ನಟ್ಟಿದ್ದ ರಾಜಾರಾಮನಿಗೆ ೧೬೮೯ರಲ್ಲಿ ಆಶ್ರಯವಿತ್ತಳೆಂಬುದು ಇನ್ನೊಂದು. ಈ ಎರಡಕ್ಕೂ ಹಿಂದಿನದಾದ ಘಟ್ಟವೊಂದು ಆಕೆಯ ಬದುಕಿನಲ್ಲಿದೆ. ಅದು ಪತಿಯಿಂದ ದೂರವಾದ ಪತ್ನಿ ಅವನನ್ನು ಮರಳಿ ಕರೆಯಲು ಹೋದ ಪ್ರಸಂಗ. ಜನಪ್ರಿಯ ಕಥನಗಳು ಇದನ್ನು ಪತಿವ್ರತೆಯ ಸಹನೆಯ ದೃಷ್ಟಾಂತವೆಂಬಂತೆ ಹೇಳಿ ಮುಂದೆ ಸಾಗುತ್ತವೆ. ಆದರೆ ಆಕೆಯ ಆಳ್ವಿಕೆಯ ಸ್ವರೂಪವನ್ನು ನಿರ್ಧರಿಸಿದ್ದೇ ಈ ಪ್ರಸಂಗ.

ಅಗಲಿದ ದಂಪತಿಗಳು ಮತ್ತೆ ಕೂಡುವ ಕಥೆ ಕಾವ್ಯ ನಾಟಕಗಳಿಗೆ ಪ್ರಿಯವಾದುದು. ನಳದಮಯಂತಿಯರು ಕೂಡುತ್ತಾರೆ, ದುಷ್ಯಂತಶಕುಂತಲೆಯರು ಕೂಡುತ್ತಾರೆ. ಐತಿಹಾಸಿಕ ಕಾದಂಬರಿಯೂ ಇದೇ ಹಾದಿಯನ್ನು ಹಿಡಿದಿದೆ. ಚೆನ್ನಮ್ಮಾಜಿಯ ಕಥೆಯಲ್ಲಿ ಅಂತಹ ಪುನರ್ಮಿಲನಕ್ಕೆ ಬೇಕಾದ ಎಲ್ಲ ಸಾಮಗ್ರಿಯೂ ಇದೆ. ಪುನರ್ಮಿಲನ ಮಾತ್ರ ಇಲ್ಲ. ಅದು ಏಕೆ ಸಾಧ್ಯವಾಗಲಿಲ್ಲ ಎಂಬುದನ್ನು ಅರಿಯಲು ಬಿದನೂರಿನ ಅರಮನೆಯಷ್ಟೇ ಅದರ ಉತ್ತರದ ಗಡಿಯನ್ನೂ, ಎಂದರೆ ಇಂದಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಸೀಮೆಯನ್ನೂ, ನೋಡಬೇಕಾಗುತ್ತದೆ.

೨

ಹದಿನೇಳನೆಯ ಶತಮಾನದಲ್ಲಿ ಈ ಸೀಮೆ ಸೋದೆಯ ನಾಯಕರ ಆಳ್ವಿಕೆಗೆ ಒಳಪಟ್ಟಿತ್ತು. ಶಿರಸಿಗೆ ಸಮೀಪದ ಸೋದೆ, ಶಾಸನ ಮತ್ತು ಕಾವ್ಯಗಳಲ್ಲಿ ಸ್ವಾದಿ ಅಥವಾ ಸುಧಾಪುರವೆಂದು ಕರೆಯಿಸಿಕೊಂಡಿತು. ಅರಸಪ್ಪನಾಯಕನ ಕಾಲದಲ್ಲಿ ವಾದಿರಾಜರು ನೆಲೆಸಿದ ಊರು ಅದು. ಜೈನ ಮಠವೂ ಅಲ್ಲಿತ್ತು. ಸಿದ್ದಾಪುರದ ಬಳಿಯ ಬಿಳಗಿಯಲ್ಲಿ, ಶ್ವೇತಪುರವೆಂಬ ಹೆಸರಿನಲ್ಲಿ, ಮತ್ತೊಂದು ಚಿಕ್ಕ ಅರಸುಮನೆತನವಿತ್ತು. ಯಲ್ಲಾಪುರದ ಕಾಡುಗಳಿಂದ ಅರಬೈಲು ಘಟ್ಟವನ್ನಿಳಿದರೆ ಕರಾವಳಿ ಸಿಗುತ್ತಿತ್ತು. ಕಾಳುಮೆಣಸು ಈ ಸೀಮೆಯ ಮುಖ್ಯ ಸಂಪತ್ತು. ಅದು ಘಟ್ಟವಿಳಿದು ಬಂದರುಗಳನ್ನು ಸೇರಬೇಕಾಗಿತ್ತು. ಹೊನ್ನಾವರದಿಂದ ದಕ್ಷಿಣಕ್ಕೆ ಹಬ್ಬಿದ ಕರಾವಳಿಯ ಬಂದರುಗಳಲ್ಲಿ ಹೆಚ್ಚಿನವು ಕೆಳದಿಯ ಕೈಯಲ್ಲಿದ್ದವು. ಆದುದರಿಂದ ಕೆಳದಿ ಮತ್ತು ಸೋದೆಗಳ ಸಂಬಂಧದಲ್ಲಿ ನೆರೆಹೊರೆಯ ಬಾಂಧವ್ಯದ ಜೊತೆಯಲ್ಲಿಯೇ ಪೈಪೋಟಿಯೂ ಇತ್ತು. ಸೊರಬ ಸೀಮೆಯ ಚಂದ್ರಗುತ್ತಿ ಕೋಟೆ ಈ ಗಡಿಯ ಕಾವಲಾಗಿತ್ತು. ಅಲ್ಲಿಂದ ಬನವಾಸಿ ದೂರವಿಲ್ಲ.

ಶಿವಪ್ಪನಾಯಕನ (೧೬೪೫-೧೬೬೦) ಕಾಲದಲ್ಲಿ ಕೆಳದಿ ಬಲಿಷ್ಠವಾಗಿತ್ತು. ಭೂಮಿಯನ್ನು ಅಳೆದು ಅದರ ಗುಣಕ್ಕೆ ತಕ್ಕಂತೆ ಕಂದಾಯ ಗೊತ್ತುಮಾಡಿದ ಅವನ ಶಿಸ್ತು ರಾಜ್ಯಕ್ಕೆ ಸ್ಥಿರವಾದ ಆದಾಯವನ್ನು ತಂದಿತು. ಅವನ ಅನಂತರ ನಾಲ್ಕೇ ವರ್ಷಗಳ ಅವಧಿಯಲ್ಲಿ ಗದ್ದುಗೆ ಮೂರು ಕೈ ಬದಲಾಯಿತು. ಇಮ್ಮಡಿ ವೆಂಕಟಪ್ಪನಾಯಕ, ಶಿವಪ್ಪನ ಹಿರಿಯ ಮಗ ಭದ್ರಪ್ಪನಾಯಕ ಇವರ ಆಳ್ವಿಕೆಗಳು ಬೇಗ ಮುಗಿದು, ೧೬೬೪ರ ಹೊತ್ತಿಗೆ ಕಿರಿಯ ಮಗ ಸೋಮಶೇಖರನಾಯಕ ಪಟ್ಟಕ್ಕೆ ಬಂದನು. ಮರುವರ್ಷವೇ, ೧೬೬೫ರಲ್ಲಿ, ಶಿವಾಜಿಯ ಹಡಗುಗಳು ಬಸರೂರನ್ನು ಸೂರೆಗೊಂಡವು. ಹೊರಗಿನ ಅಪಾಯಗಳು ಒಂದೊಂದಾಗಿ ಒದಗುತ್ತಿದ್ದ ಕಾಲದಲ್ಲಿ ಗದ್ದುಗೆ ಏರಿದ ಅರಸು ಅವನು.

೩

ಚೆನ್ನಮ್ಮಾಜಿ ಕೋಟಿಪುರದ ಸಿದ್ಧಪ್ಪಶೆಟ್ಟಿಯ ಮಗಳು. ರಾಮೇಶ್ವರನ ಜಾತ್ರೆಯಲ್ಲಿ ಅರಸು ಆಕೆಯನ್ನು ಕಂಡು ಮೆಚ್ಚಿದನೆಂದೂ, ರಾಜಮನೆತನಕ್ಕೆ ಸೇರದ ಕನ್ಯೆಯನ್ನು ತರುವುದರ ಬಗ್ಗೆ ಮಂತ್ರಿಗಳು ಸಂಶಯ ತೋರಿದರೂ ಒಪ್ಪದೆ ಆಕೆಯನ್ನೇ ವರಿಸಿದನೆಂದೂ ಪರಂಪರೆ ಹೇಳುತ್ತದೆ. ೧೬೬೭ರಲ್ಲಿ ವಿವಾಹ ನೆರವೇರಿತು. ಈ ವಿವಾಹದಲ್ಲಿ ರಾಜಕೀಯ ಸಂಬಂಧದ ಲೆಕ್ಕಾಚಾರ ಇರಲಿಲ್ಲವೆಂಬುದು ಗಮನಾರ್ಹ. ಅರಸುಮನೆಗಳ ಮದುವೆಗಳು ಸಾಮಾನ್ಯವಾಗಿ ಸಂಧಿಗಳೇ ಆಗಿದ್ದವು. ವಧುವಿನ ಹಿಂದೆ ಆಕೆಯ ತವರಿನ ಸೈನ್ಯವಿರುತ್ತಿತ್ತು. ಚೆನ್ನಮ್ಮಾಜಿಯ ಹಿಂದೆ ಅರಸನ ಪ್ರೀತಿಯಲ್ಲದೆ ಬೇರೆ ಬಲವಿರಲಿಲ್ಲ. ಆ ಪ್ರೀತಿ ಕದಲಿದರೆ ಅರಮನೆಯಲ್ಲಿ ಆಕೆಯ ಸ್ಥಾನವೂ ಕದಲುವಂತಿತ್ತು.

ಮದುವೆಯ ಮೊದಲ ವರ್ಷಗಳಲ್ಲಿ ಆಕೆ ಶಸ್ತ್ರವಿದ್ಯೆ, ರಾಜನೀತಿ, ಸಂಗೀತ ಸಾಹಿತ್ಯಗಳಲ್ಲಿ ಪರಿಶ್ರಮ ಪಡೆದು ಪತಿಯೊಡನೆ ರಾಜಕಾರ್ಯಗಳಲ್ಲಿ ಭಾಗಿಯಾದಳೆಂದು ಹೇಳಲಾಗುತ್ತದೆ. ಅನಂತರದ ಆಳ್ವಿಕೆಯಲ್ಲಿ ಆಕೆ ತೋರಿದ ಸಾಮರ್ಥ್ಯವನ್ನು ನೋಡಿದರೆ ಈ ಮಾತು ಅಸಂಭವವಲ್ಲ.

೪

ಬಿರುಕು ನವರಾತ್ರಿಯ ಆಸ್ಥಾನದಲ್ಲಿ ಆರಂಭವಾಯಿತು. ಜಂಬುಖಂಡಿಯಿಂದ ಬಂದ ಕಲಾವತಿಯೆಂಬ ನರ್ತಕಿಯ ನೃತ್ಯಕ್ಕೆ ಅರಸು ಮಾರುಹೋದನು. ಆಕೆಯ ಪೋಷಕನಾದ ಭರಮೆ ಮಾವುತ ಅರಸನ ಆಪ್ತನಾದನು. ಸೋಮಶೇಖರನಾಯಕ ಅರಮನೆಯನ್ನು ತೊರೆದು ಕಲಾವತಿಯ ಮನೆಯಲ್ಲಿಯೇ ಉಳಿಯತೊಡಗಿದನು. ಭರಮೆ ಮಾವುತ ನೀಡಿದ ಮದ್ದುಗಳಿಂದ ಅವನ ದೇಹ ಕೃಶವಾಯಿತು, ಚಿತ್ತ ವಿಕಲವಾಯಿತು. ದಂಪತಿಗಳಿಗೆ ಮಕ್ಕಳಿರಲಿಲ್ಲ. ಅರಸು ಅಸ್ವಸ್ಥ, ಉತ್ತರಾಧಿಕಾರಿ ಇಲ್ಲ, ಆಡಳಿತ ಅಧಿಕಾರಿಗಳ ಕೈಯಲ್ಲಿ: ಇದು ಬಿಜಾಪುರಕ್ಕೆ ತಿಳಿಯಲು ತಡವಾಗಲಿಲ್ಲ.

ಕಥನದ ದೃಷ್ಟಿಯಿಂದ ಇಲ್ಲಿ ಮದ್ದಿನ ಪಾತ್ರ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದೂರ್ವಾಸನ ಶಾಪವಿಲ್ಲ. ದುಷ್ಯಂತ ತಿಳಿದೂ ತಿಳಿಯದವನಂತೆ ನಡೆಯುತ್ತಾನೆ. ಕಾಳಿದಾಸ ಶಾಪವನ್ನು ತಂದು ನಾಯಕನನ್ನು ದೋಷಮುಕ್ತನನ್ನಾಗಿಸಿದ. ಮರೆತದ್ದು ಅವನಲ್ಲ, ಮರೆಸಿದ್ದು ಶಾಪ. ಆದುದರಿಂದ ಪುನರ್ಮಿಲನಕ್ಕೆ ಅಡ್ಡಿಯಿಲ್ಲ. ಚೆನ್ನಮ್ಮಾಜಿಯ ಕಥೆಯಲ್ಲಿ ಭರಮೆ ಮಾವುತನ ಮದ್ದು ಇದೇ ಕಾರ್ಯವನ್ನು ನಿರ್ವಹಿಸುತ್ತದೆ. ಅರಸು ಹೆಂಡತಿಯನ್ನು ಬಿಟ್ಟದ್ದು ತನ್ನ ಇಚ್ಛೆಯಿಂದಲ್ಲ, ಪರವಶನಾಗಿ ಎಂದು ಕೇಳುಗನಿಗೆ ಅನಿಸುತ್ತದೆ.

ಕೆಳದಿಯ ಚರಿತ್ರೆಯನ್ನು ಹೇಳುವ ಎರಡು ಮುಖ್ಯ ಕೃತಿಗಳು ಸಂಸ್ಕೃತದ ಶಿವತತ್ತ್ವರತ್ನಾಕರ ಮತ್ತು ಲಿಂಗಣ್ಣ ಕವಿಯ ಕನ್ನಡ ಚಂಪೂಕೃತಿ ಕೆಳದಿನೃಪವಿಜಯ. ಮೊದಲನೆಯದನ್ನು ರಚಿಸಿದವನು ಚೆನ್ನಮ್ಮಾಜಿಯ ದತ್ತುಪುತ್ರ ಬಸಪ್ಪನಾಯಕ. ಎರಡನೆಯದು ಅವನ ಮನೆತನದ ಆಶ್ರಯದ ಪರಂಪರೆಯಲ್ಲಿ ಮೂಡಿದ್ದು. ಬಸಪ್ಪನಾಯಕನ ಹಕ್ಕು ನಿಂತಿದ್ದುದು ಚೆನ್ನಮ್ಮಾಜಿ ಸೋಮಶೇಖರನಾಯಕನ ಧರ್ಮಪತ್ನಿ ಎಂಬುದರ ಮೇಲೆ. ಸೋಮಶೇಖರನನ್ನು ಪೂರ್ಣ ಅಪರಾಧಿಯನ್ನಾಗಿ ಚಿತ್ರಿಸಿದರೆ ಆ ಹಕ್ಕಿನ ಬೇರೇ ಸಡಿಲವಾಗುತ್ತಿತ್ತು. ಅರಸನ ದೋಷವನ್ನು ಮದ್ದಿಗೆ ವರ್ಗಾಯಿಸಿದ ಕಥನ ಇಂತಹ ಮನೆತನದಲ್ಲಿ ಒಪ್ಪಿತವಾಗಿ ಉಳಿದದ್ದು ಸಹಜವೇ ಆಗಿದೆ.

೫

ಕಲಾವತಿಯ ಮನೆಗೆ ಚೆನ್ನಮ್ಮಾಜಿ ತಾನೇ ಹೋದ ಪ್ರಸಂಗ ಬರುವುದು ಇಲ್ಲಿ. ಪರಂಪರೆಯ ಪ್ರಕಾರ ಆಕೆ ರಾಣಿಯ ಅಭಿಮಾನವನ್ನು ಬದಿಗಿಟ್ಟು ಅಲ್ಲಿಗೆ ತೆರಳಿ, ರಾಜ್ಯಕ್ಕೆ ಒದಗಿದ ಅಪಾಯವನ್ನು ಪತಿಗೆ ತಿಳಿಸಿ, ಅರಮನೆಗೆ ಮರಳಬೇಕೆಂದೂ ಉತ್ತರಾಧಿಕಾರಿಯೊಬ್ಬನನ್ನು ದತ್ತು ಸ್ವೀಕರಿಸಬೇಕೆಂದೂ ಬೇಡಿಕೊಂಡಳು. ಅರಸು ಒಪ್ಪಲಿಲ್ಲ. ಆಕೆ ಬರಿಗೈಯಲ್ಲಿ ಹಿಂದಿರುಗಿದಳು.

ಈ ಭೇಟಿಯ ಸ್ವರೂಪವನ್ನು ಗಮನಿಸಬೇಕು. ಪ್ರಣಯಕಥೆಯ ನಾಯಿಕೆ ಪತಿಯೆದುರು ನಿಂತಾಗ ಕೇಳುವುದು ತನ್ನ ಪ್ರೀತಿಯನ್ನು. ಚೆನ್ನಮ್ಮಾಜಿ ಕೇಳಿದ್ದು ಅರಸನನ್ನು ಮತ್ತು ಉತ್ತರಾಧಿಕಾರಿಯನ್ನು. ಆಕೆಯಲ್ಲಿ ಪ್ರೀತಿ ಬತ್ತಿತ್ತೆಂದು ಇದರ ಅರ್ಥವಲ್ಲ. ತವರಿನ ಬಲವಿಲ್ಲದೆ, ಪ್ರೀತಿಯೊಂದನ್ನೇ ನಂಬಿ ಅರಮನೆ ಸೇರಿದವಳಿಗೆ ದಾಂಪತ್ಯ ಮತ್ತು ರಾಜ್ಯ ಎರಡಾಗಿ ಉಳಿದಿರಲಿಲ್ಲ. ದಾಂಪತ್ಯ ಸರಿಹೋದರೆ ರಾಜ್ಯ ಉಳಿಯುತ್ತಿತ್ತು. ಸರಿಹೋಗದಿದ್ದರೆ ರಾಜ್ಯವನ್ನು ಉಳಿಸುವ ಬೇರೆ ದಾರಿಯನ್ನು ಆಕೆಯೇ ಹುಡುಕಬೇಕಾಗಿತ್ತು. ದತ್ತುಸ್ವೀಕಾರದ ಯೋಚನೆ ಈ ಭೇಟಿಯಲ್ಲಿಯೇ ಕಾಣಿಸಿಕೊಳ್ಳುವುದು ಮಹತ್ತ್ವದ ಅಂಶ. ಪತಿಯ ಜೀವಿತಕಾಲದಲ್ಲಿ ನಿರಾಕರಣೆಗೊಂಡ ಈ ಬೇಡಿಕೆಯನ್ನೇ ಆಕೆ ಮುಂದೆ ಸ್ವತಃ ಈಡೇರಿಸಿದಳು.

ಬಿಜಾಪುರದ ಸೇನೆ ಗಡಿಯತ್ತ ಸಾಗಿತು. ಸಂಧಾನದ ನೆಪದಲ್ಲಿ ಬಂದ ಜನೋಪಂತನ ಮುಖಾಂತರ ಧನವಿತ್ತು ಕಾಲಾವಕಾಶ ಪಡೆಯುವ ಪ್ರಯತ್ನ ನಡೆಯಿತು. ಈ ಗೊಂದಲದ ನಡುವೆ ೧೬೭೧ರಲ್ಲಿ ಸೋಮಶೇಖರನಾಯಕ ಕೊಲೆಯಾದನು. ಭರಮೆ ಮಾವುತನ ಸಂಚು ಇದಕ್ಕೆ ಕಾರಣವೆಂಬುದು ಕೆಳದಿಯ ಪರಂಪರೆಯ ನಿಲುವು. ಪುನರ್ಮಿಲನದ ಸಾಧ್ಯತೆ ಅಲ್ಲಿಗೆ ಮುಗಿಯಿತು. ಚೆನ್ನಮ್ಮಾಜಿ ರಾಜಭಂಡಾರವನ್ನು ಬಿದನೂರಿನಿಂದ ಸಾಗಿಸಿ, ಕವಲೇದುರ್ಗವೆಂದು ಇಂದು ಕರೆಯಲಾಗುವ ಭುವನಗಿರಿದುರ್ಗವನ್ನು ಸೇರಿದಳು. ಅಲ್ಲಿ ನಿಷ್ಠಾವಂತ ದಳಪತಿಗಳನ್ನು ಕೂಡಿಸಿ ಪಟ್ಟವೇರಿದಳು. ಕಾಡಿನ ಇಕ್ಕಟ್ಟಾದ ದಾರಿಗಳಲ್ಲಿ ಬಿಜಾಪುರದ ಸೇನೆಯನ್ನು ತಡೆದು ಹಿಮ್ಮೆಟ್ಟಿಸಿ, ಪತಿಯ ಕೊಲೆಗೆ ಕಾರಣರಾದವರನ್ನು ಶಿಕ್ಷಿಸಿದಳು.

೬

ವಿಧವೆಯೊಬ್ಬಳು ಗದ್ದುಗೆ ಏರಿದುದನ್ನು ನೆರೆಯ ಅರಸರು ಅವಕಾಶವೆಂದು ಭಾವಿಸಿದರು. ಆಕೆ ಪಟ್ಟಕ್ಕೆ ಬಂದೊಡನೆ ಸೋದೆ, ಶಿರಸಿ, ಬನವಾಸಿಗಳ ಅರಸರು ದಂಡೆತ್ತಿ ಬಂದರೆಂದೂ, ಆಕೆ ಅವರನ್ನು ಸೋಲಿಸಿದಳೆಂದೂ ಜನಪ್ರಿಯ ಚರಿತ್ರೆಗಳಲ್ಲಿ ಹೇಳಲಾಗುತ್ತದೆ. ಈ ಹೇಳಿಕೆಯನ್ನು ತಿದ್ದಿ ಓದಬೇಕಾಗಿದೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಶಿರಸಿಗಾಗಲಿ ಬನವಾಸಿಗಾಗಲಿ ಪ್ರತ್ಯೇಕ ಅರಸರಿರಲಿಲ್ಲ. ಶಿರಸಿಯಲ್ಲಿದ್ದುದು ಸೋದೆಯ ರಾಮಚಂದ್ರನಾಯಕ ಕಟ್ಟಿಸಿದ ಕೋಟೆ. ಆ ಊರಿಗೆ ಅಂದು ಚೆನ್ನಪಟ್ಟಣವೆಂಬ ಹೆಸರಿತ್ತು. ಕದಂಬರ ರಾಜಧಾನಿಯಾಗಿದ್ದ ಬನವಾಸಿ ಆ ವೇಳೆಗೆ ಮಧುಕೇಶ್ವರನ ಕ್ಷೇತ್ರವಾಗಿ ಮಾತ್ರ ಉಳಿದಿತ್ತು. ಆದುದರಿಂದ ಮೂವರು ಅರಸರ ದಾಳಿಯೆಂಬುದನ್ನು ಸೋದೆಯ ಒಂದೇ ಪ್ರಭುತ್ವ ಈ ನೆಲೆಗಳಿಂದ ನಡೆಸಿದ ಒತ್ತಡವೆಂದು ಗ್ರಹಿಸುವುದು ಯುಕ್ತ.

ಸೋದೆಯಲ್ಲಿ ಅದು ಮಧುಲಿಂಗನಾಯಕನ ಆಳ್ವಿಕೆಯ ಕೊನೆಯ ಅವಧಿ. ೧೬೭೪ರಲ್ಲಿ ಸದಾಶಿವನಾಯಕ ಪಟ್ಟಕ್ಕೆ ಬಂದನು. ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಈತ ಸ್ವರವಚನಗಳ ಕರ್ತೃವಾಗಿ ಪರಿಚಿತ. ಭಕ್ತಕವಿಯಾದ ಈ ಅರಸನೂ ಶಿವಭಕ್ತೆಯಾದ ಆ ರಾಣಿಯೂ ಒಂದೇ ಧರ್ಮಪರಂಪರೆಯವರಾಗಿದ್ದರೂ ಗಡಿಯ ಪ್ರಶ್ನೆಯಲ್ಲಿ ಎದುರಾಳಿಗಳಾದರು. ಮೆಣಸಿನ ದಾರಿಗಳು ಯಾರ ಹಿಡಿತದಲ್ಲಿರಬೇಕೆಂಬುದು ಭಕ್ತಿಯಿಂದ ಬಗೆಹರಿಯುವ ವಿಷಯವಾಗಿರಲಿಲ್ಲ. ಅರಸು ನರ್ತಕಿಯ ಮನೆಯಲ್ಲಿದ್ದ ಕಾಲದಲ್ಲಿ ಕೆಳದಿಯ ಮುಂದೆ ಇದ್ದ ಅಪಾಯ ಉತ್ತರದ ಸುಲ್ತಾನನದು ಮಾತ್ರವಲ್ಲ, ಕಾಡಿನ ಆಚೆಬದಿಯ ನೆರೆಯವನದೂ ಆಗಿತ್ತು. ಚೆನ್ನಮ್ಮಾಜಿ ಪತಿಯ ಬಳಿಗೆ ಹೋದ ಅವಸರ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಹಾಗೆಯೇ, ಆಕೆ ಗಡಿಯನ್ನು ಉಳಿಸಿಕೊಂಡ ಮೇಲೆ ಗದ್ದುಗೆಯ ಮೇಲಿನ ಆಕೆಯ ಹಕ್ಕನ್ನು ಪ್ರಶ್ನಿಸುವ ಧ್ವನಿಗಳು ಕ್ಷೀಣಿಸಿದುದೂ ಅರ್ಥವಾಗುತ್ತದೆ.

ಅನಂತರದ ಆಳ್ವಿಕೆಯ ವಿವರಗಳು ಪ್ರಸಿದ್ಧವಾಗಿವೆ. ೧೬೭೮ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದವಾಯಿತು. ಹುಲಿಕೆರೆಯ ಕೋಟೆ ಆಕೆಯ ಹೆಸರಿನಿಂದ ಚೆನ್ನಗಿರಿಯಾಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯನ ವಿಸ್ತರಣೆಯನ್ನು ಆಕೆ ಎದುರಿಸಬೇಕಾಯಿತು. ೧೬೮೯ರಲ್ಲಿ ಸಂಭಾಜಿಯ ವಧೆಯ ಅನಂತರ ವೇಷ ಮರೆಸಿಕೊಂಡು ಜಿಂಜಿಯತ್ತ ಸಾಗುತ್ತಿದ್ದ ರಾಜಾರಾಮನನ್ನು ರಕ್ಷಿಸಿ ಕಳುಹಿಸಿದಳು. ಬೆನ್ನಟ್ಟಿ ಬಂದ ಮೊಗಲ್ ಸೇನೆಯನ್ನು ತಡೆದು ಸಂಧಿಗೆ ಬರುವಂತೆ ಮಾಡಿದಳು. ಬಸರೂರನ್ನು ಸುಲಿದವನ ಮಗನಿಗೆ ಕಾಲು ಶತಮಾನದೊಳಗೆ ಅದೇ ರಾಜ್ಯ ಆಶ್ರಯ ನೀಡಿತೆಂಬುದು ನೆನಪಿಡಬೇಕಾದ ಸಂಗತಿ.

೭

ಚೆನ್ನಮ್ಮಾಜಿ ಬಸಪ್ಪನೆಂಬ ಬಾಲಕನನ್ನು ದತ್ತು ಸ್ವೀಕರಿಸಿ ಅವನಿಗೆ ವಿದ್ಯೆಯನ್ನೂ ರಾಜನೀತಿಯನ್ನೂ ಕಲಿಸಿದಳು. ಆಕೆಯ ಅನಂತರ ಗದ್ದುಗೆಗೆ ಬಂದ ಅವನು ೧೭೦೯ರಲ್ಲಿ ಶಿವತತ್ತ್ವರತ್ನಾಕರವನ್ನು ಪೂರೈಸಿದನು. ಧರ್ಮ, ರಾಜನೀತಿ, ಸಂಗೀತ, ವೈದ್ಯ, ಪಾಕಗಳವರೆಗೆ ಹಬ್ಬಿದ ಆ ವಿಶ್ವಕೋಶ ಆಕೆ ಕೊಡಿಸಿದ ಶಿಕ್ಷಣದ ಫಲವೂ ಹೌದು. ಬಸಪ್ಪನಾಯಕನ ಮಗ ೧೭೧೪ರಲ್ಲಿ ಪಟ್ಟವೇರಿದನು. ಅವನ ಹೆಸರು ಸೋಮಶೇಖರನಾಯಕ. ಮರುವರ್ಷ ಸೋದೆಯ ಬಸವಲಿಂಗನಾಯಕ ಕಾರವಾರದ ಬಳಿ ಕೋಟೆಯೊಂದನ್ನು ಕಟ್ಟಿಸಿ, ತಂದೆಯ ನೆನಪಿಗೆ ಅದನ್ನು ಸದಾಶಿವಗಡವೆಂದು ಕರೆದನು. ಗಡಿಯ ಎರಡೂ ಬದಿಗಳಲ್ಲಿ ಹಿರಿಯರ ಸ್ಮರಣೆ ಹೆಸರಿನ ಮೂಲಕವೇ ಮುಂದುವರಿಯಿತು. ಆದರೆ ಒಂದು ಭೇದವಿದೆ. ಸದಾಶಿವನದು ಕವಿಯಾಗಿ, ಅರಸನಾಗಿ ಗೌರವ ಪಡೆದ ಹೆಸರು. ಸೋಮಶೇಖರನದು ಅರಮನೆಯನ್ನು ತೊರೆದು, ರಾಜ್ಯವನ್ನು ಅಪಾಯಕ್ಕೊಡ್ಡಿ, ಕೊಲೆಯಾದವನ ಹೆಸರು. ಚೆನ್ನಮ್ಮಾಜಿ ಬೆಳೆಸಿದ ಮನೆತನದಲ್ಲಿ ಅದು ಕಳಂಕವೆನಿಸದೆ ಮತ್ತೆ ಪಟ್ಟಕ್ಕೆ ಬಂದಿತು.

ಪ್ರಣಯಕಥೆಯ ಅಳತೆಗೋಲಿನಿಂದ ನೋಡಿದರೆ ಈ ದಾಂಪತ್ಯ ಸೋಲಿನಲ್ಲಿ ಕೊನೆಗೊಂಡಿತು. ಉಂಗುರ ಸಿಗಲಿಲ್ಲ, ಶಾಪ ಕಳೆಯಲಿಲ್ಲ, ಪತಿ ಮರಳಲಿಲ್ಲ. ಆದರೆ ಪತಿಯ ಎದುರು ನಿಂತು ಆಕೆ ಕೇಳಿದ್ದ ಎರಡು ಬೇಡಿಕೆಗಳಲ್ಲಿ ಒಂದು, ರಾಜ್ಯಕ್ಕೆ ಉತ್ತರಾಧಿಕಾರಿ, ಆಕೆಯ ಕೈಯಿಂದಲೇ ನೆರವೇರಿತು. ಇನ್ನೊಂದು, ಸೋಮಶೇಖರನಾಯಕ ಅರಮನೆಗೆ ಮರಳುವುದು, ಆಕೆ ಬಿದನೂರಿನ ಕೊಪ್ಪಲು ಮಠದಲ್ಲಿ ಸಮಾಧಿಸ್ಥಳಾದ ಮೇಲೆ ಹೆಸರಿನ ಮಟ್ಟಿಗೆ ನೆರವೇರಿತು. ಕೆಳದಿ ಮತ್ತು ಸೋದೆಗಳೆರಡೂ ೧೭೬೩ರ ಸುಮಾರಿಗೆ ಹೈದರಾಲಿಯ ವಶವಾದವು. ಅಲ್ಲಿಯವರೆಗೆ ಬಿದನೂರನ್ನು ಆಳಿದ್ದು ಚೆನ್ನಮ್ಮಾಜಿ ದತ್ತುವಿನ ಮೂಲಕ ಸ್ಥಾಪಿಸಿದ ವಂಶವೇ. ತನ್ನನ್ನು ತೊರೆದ ಪತಿಯ ವಂಶವೆಂದೇ ಆಕೆ ಅದನ್ನು ಮುಂದುವರಿಸಿದಳು.