ಲ್ಯಾಟಿನ್ ಬಾರದ ಮೇಷ್ಟ್ರಿಗೆ ನೊಬೆಲ್

ಪಿಯುಸಿಯಲ್ಲಿ ವಿಜ್ಞಾನ ಓದಿದ ನಾವು ವಾನ್ ಡರ್ ವಾಲ್ಸ್ ಸಮೀಕರಣವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರೇ. ಆದರೆ ಆ ಹೆಸರಿನ ವ್ಯಕ್ತಿ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯಲು ಅರ್ಹತೆಯೇ ಇಲ್ಲದ ಶಾಲಾ ಮೇಷ್ಟ್ರಾಗಿ ಹಲವು ವರ್ಷ ಕಳೆದಿದ್ದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಯೊಹಾನೆಸ್ ಡಿಡೆರಿಕ್ ವಾನ್ ಡರ್ ವಾಲ್ಸ್ ಹುಟ್ಟಿದ್ದು 1837ರ ನವೆಂಬರ್ 23ರಂದು, ನೆದರ್‌ಲೆಂಡ್ಸ್‌ನ ಲೈಡನ್ ಊರಿನಲ್ಲಿ. ತಂದೆ ಬಡಗಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ವಿಶ್ವವಿದ್ಯಾಲಯ ಸೇರಲು ಆಗ ಲ್ಯಾಟಿನ್, ಗ್ರೀಕ್ ಬರಬೇಕಿತ್ತು. ಅದನ್ನು ಕಲಿಸುವ ಶಾಲೆ ಬಡಗಿಯ ಮಗನಿಗೆ ಸಿಗಲಿಲ್ಲ. ಹದಿನೈದನೇ ವಯಸ್ಸಿಗೆ ಅವರು ಪ್ರಾಥಮಿಕ ಶಾಲೆಯಲ್ಲಿ ಸಹಾಯಕರಾಗಿ ಸೇರಿಕೊಂಡರು. ಒಂದೊಂದೇ ಪರೀಕ್ಷೆ ಪಾಸು ಮಾಡಿ ಶಿಕ್ಷಕರಾದರು.

ಹೊರಗಿನವರೂ ಕೆಲವು ತರಗತಿಗಳಲ್ಲಿ ಕೂರಬಹುದು ಎಂಬ ಅವಕಾಶ ಲೈಡನ್ ವಿಶ್ವವಿದ್ಯಾಲಯದಲ್ಲಿತ್ತು. 1862ರಿಂದ ಅವರು ಅಲ್ಲಿ ಗಣಿತ, ಭೌತವಿಜ್ಞಾನ, ಖಗೋಳವಿಜ್ಞಾನದ ಪಾಠ ಕೇಳತೊಡಗಿದರು. ಪದವಿ ಸಿಗುವ ಭರವಸೆ ಇರಲಿಲ್ಲ. 1865ರಲ್ಲಿ ಪ್ರೌಢಶಾಲೆಯ ಭೌತವಿಜ್ಞಾನ ಶಿಕ್ಷಕರಾದರು, ಅದೇ ವರ್ಷ ಮದುವೆಯೂ ಆಯಿತು. ಕೆಲಸ, ಸಂಸಾರದ ನಡುವೆ ಓದು ನಿಲ್ಲಲಿಲ್ಲ. ಮುಂದೆ ಕಾನೂನು ಬದಲಾಗಿ, ಪ್ರಾಚೀನ ಭಾಷೆಗಳಿಂದ ವಿನಾಯಿತಿ ಸಿಕ್ಕಿತು. 1873ರಲ್ಲಿ, 35ನೇ ವಯಸ್ಸಿನಲ್ಲಿ, ಡಾಕ್ಟರೇಟ್ ಪಡೆದರು.

ಪರಮಾಣುಗಳು ನಿಜಕ್ಕೂ ಇವೆಯೇ ಎಂದು ದೊಡ್ಡ ವಿಜ್ಞಾನಿಗಳೇ ಅನುಮಾನಿಸುತ್ತಿದ್ದ ಕಾಲವದು. ಅನಿಲದ ಅಣುಗಳು ಜಾಗ ಆಕ್ರಮಿಸುತ್ತವೆ, ಒಂದನ್ನೊಂದು ತುಸು ಸೆಳೆಯುತ್ತವೆ ಎಂಬ ಎರಡೇ ಮಾತುಗಳಿಂದ ಅವರು ಅನಿಲ ಮತ್ತು ದ್ರವವನ್ನು ಒಂದೇ ಸಮೀಕರಣದಲ್ಲಿ ವಿವರಿಸಿದರು. ಬ್ರಿಟನ್ನಿನ ಮ್ಯಾಕ್ಸ್‌ವೆಲ್ ಅದನ್ನು ಮೆಚ್ಚಿ ವಿಮರ್ಶೆ ಬರೆದರು. 1877ರಲ್ಲಿ ಮೇಷ್ಟ್ರು ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1881ರಲ್ಲಿ ಪತ್ನಿ ಕ್ಷಯದಿಂದ ತೀರಿಕೊಂಡರು. ನಾಲ್ಕು ಮಕ್ಕಳ ತಂದೆ ಕುಸಿದುಹೋದರು. ಸುಮಾರು ಹತ್ತು ವರ್ಷ ಅವರಿಂದ ಹೊಸ ಬರಹ ಹೊರಬರಲಿಲ್ಲ. ಆಮೇಲೆ ಮತ್ತೆ ಕೆಲಸಕ್ಕೆ ಮರಳಿದರು. ಅವರ ಸಿದ್ಧಾಂತದ ದಾರಿ ಹಿಡಿದೇ ಕಾಮರ್ಲಿಂಗ್ ಓನ್ಸ್ 1908ರಲ್ಲಿ ಹೀಲಿಯಂ ಅನಿಲವನ್ನು ದ್ರವವಾಗಿಸಿದರು. 1910ರಲ್ಲಿ ನೊಬೆಲ್ ಬಂತು. 1923ರ ಮಾರ್ಚ್ 8ರಂದು ವಾನ್ ಡರ್ ವಾಲ್ಸ್ ನಿಧನರಾದರು.

ಆ ಸಣ್ಣ ಸೆಳೆತದ ಮೂಲವೇನು? ಉತ್ತರ ಬಂದದ್ದು ಅವರು ಹೋದ ಮೇಲೆ. ಆರ್ಗಾನ್‌ನಂಥ ಜಡ ಅನಿಲದ ಹೊರಕವಚದಲ್ಲಿ ಎಲೆಕ್ಟ್ರಾನುಗಳು ಭರ್ತಿಯಾಗಿರುತ್ತವೆ. ಅದು ಸಾಮಾನ್ಯವಾಗಿ ಯಾರೊಂದಿಗೂ ಎಲೆಕ್ಟ್ರಾನ್ ಹಂಚಿಕೊಳ್ಳದು. ಆದರೂ ಅದರ ಎಲೆಕ್ಟ್ರಾನ್ ಮೋಡ ಸದಾ ಅಲುಗುತ್ತದೆ. ಒಂದರ ಅಲುಗಾಟ ಪಕ್ಕದ್ದನ್ನೂ ಓಲಿಸುತ್ತದೆ, ಇದರಿಂದ ಎರಡೂ ಸ್ವಲ್ಪ ಹತ್ತಿರವಾಗುತ್ತವೆ. 1930ರಲ್ಲಿ ಫ್ರಿಟ್ಜ್ ಲಂಡನ್ ಕ್ವಾಂಟಮ್ ಸಿದ್ಧಾಂತದಿಂದ ಇದನ್ನು ವಿವರಿಸಿದರು.

ಹೀಗೆ ಜೊತೆಯಾದ ಎರಡು ಆರ್ಗಾನ್ ಪರಮಾಣುಗಳ ಬಂಧ ಕ್ಲೋರಿನ್ ಅಣುವಿನ ಬಂಧದ 200ರಲ್ಲಿ ಒಂದು ಪಾಲಷ್ಟೂ ಗಟ್ಟಿಯಿಲ್ಲ. ಕೋಣೆಯ ಶಾಖಕ್ಕೇ ಬಿಟ್ಟುಹೋಗುತ್ತದೆ. 1970ರಲ್ಲಿ ತನಾಕಾ ಮತ್ತು ಯೊಶಿನೊ ಆರ್ಗಾನ್ ಮೂಲಕ ಅತಿನೇರಳೆ ಬೆಳಕು ಹಾಯಿಸಿ, ಆ ಜೋಡಿ ಹೀರಿಕೊಂಡ ಬೆಳಕಿನ ಗೆರೆಗಳನ್ನು ವರ್ಣಪಟಲದಲ್ಲಿ ಓದಿದರು. ಜೋಡಿ ಹೇಗೆ ಕಂಪಿಸುತ್ತದೆ, ಬಂಧ ಎಷ್ಟು ದುರ್ಬಲ ಎಂಬುದೆಲ್ಲ ಆ ಗೆರೆಗಳಿಂದ ಲೆಕ್ಕಕ್ಕೆ ಸಿಕ್ಕಿತು. ಇನ್ನೂ ದುರ್ಬಲವಾದ ಹೀಲಿಯಂ ಜೋಡಿ ಅತಿ ಶೀತದಲ್ಲಿ ಪತ್ತೆಯಾದದ್ದು 1993ರಲ್ಲಿ. ಇಂಥ ಅಣುಗಳಿಗೆ ಇಂದು ವಾನ್ ಡರ್ ವಾಲ್ಸ್ ಅಣುಗಳೆಂದೇ ಹೆಸರು. ಅವರು ಪ್ರಬಂಧ ಬರೆದಾಗ ಆರ್ಗಾನ್ ಪತ್ತೆಯೇ ಆಗಿರಲಿಲ್ಲ!

ಅಧಿಸೂಚನೆ ಬಂದ ಕೂಡಲೇ ನಾವು ಮೊದಲು ನೋಡುವುದು ಅರ್ಹತೆಯ ಕಲಂ. ಅಲ್ಲಿ ನಮ್ಮ ಹೆಸರಿಗೆ ಜಾಗವಿಲ್ಲದಿದ್ದರೆ ಪುಸ್ತಕ ಮಡಚಿಡುತ್ತೇವೆ. ವಾನ್ ಡರ್ ವಾಲ್ಸ್ ಅವರಿಗೂ ಆ ಕಲಂ ವರ್ಷಗಟ್ಟಲೆ ಅಡ್ಡ ಬಂದಿತ್ತು. ನಿಯಮ ಸಡಿಲಿಸುವುದು ಅವರ ಕೈಯಲ್ಲಿರಲಿಲ್ಲ, ತರಗತಿಯಲ್ಲಿ ಕೂರುವುದು ಇತ್ತು. ವಿನಾಯಿತಿ ಬಂದ ದಿನ ಅವರು ಪರೀಕ್ಷೆಗೆ ಸಿದ್ಧರಾಗಿದ್ದರು.