ಮಕ್ಕಳ ಹಸಿವನ್ನರಿತ ಮಹಾತಾಯಿ ಮಾರ್ಗರೆಟ್ ಮ್ಯಾಕ್ಮಿಲನ್

ವಿದ್ಯೆಗೆ ಆಶ್ರಯ ಬುದ್ಧಿ. ಬುದ್ಧಿಗೆ ಆಶ್ರಯ ದೇಹ. ದೇಹವು ಸೊರಗಿದಲ್ಲಿ ಎಂತಹ ಗುರುವಿನ ಬೋಧೆಯೂ ತೂತುಗೊಡಕ್ಕೆ ಎರೆದ ನೀರಿನಂತಾಗುತ್ತದೆ. ಈ ಸರಳ ಸತ್ಯವನ್ನು ಇಂಗ್ಲೆಂಡಿನ ಶಾಲೆಗಳಿಗೆ ಮನಗಾಣಿಸಲು ತನ್ನ ಬಾಳನ್ನೇ ಸವೆಸಿದವಳು ಮಾರ್ಗರೆಟ್ ಮ್ಯಾಕ್ಮಿಲನ್. ಶಿಶುಶಿಕ್ಷಣದ ಇತಿಹಾಸವನ್ನು ಬಲ್ಲ ಅಧ್ಯಾಪಕರಿಗೆ ಈ ಹೆಸರು ಅಪರಿಚಿತವಲ್ಲ.

ಮಾರ್ಗರೆಟ್ 1860ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ, ಸ್ಕಾಟ್ಲೆಂಡಿನಿಂದ ವಲಸೆ ಹೋಗಿದ್ದ ದಂಪತಿಗಳ ಮಗಳಾಗಿ ಜನಿಸಿದಳು. 1865ರಲ್ಲಿ ತಂದೆಯೂ ಪುಟ್ಟ ತಂಗಿಯೂ ಕಾಲವಶರಾದರು. ಜ್ವರದಿಂದ ಮಾರ್ಗರೆಟಳ ಕಿವಿಯೂ ಮಂದವಾಗಿ, ಹದಿನಾಲ್ಕರ ಹರೆಯದವರೆಗೆ ಸರಿಹೋಗಲಿಲ್ಲ. ವಿಧವೆಯಾದ ತಾಯಿ ಹಿರಿಯ ಮಗಳು ರೇಚೆಲಳನ್ನೂ ಮಾರ್ಗರೆಟಳನ್ನೂ ಕರೆದುಕೊಂಡು ತವರುನಾಡಿನ ಇನ್ವರ್ನೆಸ್ ಪಟ್ಟಣಕ್ಕೆ ಮರಳಿದಳು. ರೋಗವು ಬಾಲ್ಯವನ್ನು ಹೇಗೆ ಕಸಿಯುವುದೆಂಬುದನ್ನು ಆಕೆ ಗ್ರಂಥಗಳಿಂದ ಕಲಿಯಬೇಕಾಗಿರಲಿಲ್ಲ.

1893ರಲ್ಲಿ ಮಾರ್ಗರೆಟ್ ಉಣ್ಣೆಯ ಗಿರಣಿಗಳ ಊರಾದ ಬ್ರಾಡ್‌ಫರ್ಡಿಗೆ ಬಂದಳು. ಮರುವರ್ಷವೇ ಅಲ್ಲಿನ ಶಾಲಾಮಂಡಳಿಗೆ ಸದಸ್ಯಳಾಗಿ ಚುನಾಯಿತಳಾದಳು. ಬಡವರ ಮಕ್ಕಳು ಅರ್ಧ ದಿನ ಗಿರಣಿಯಲ್ಲಿ ದುಡಿದು ಅರ್ಧ ದಿನ ಶಾಲೆಗೆ ಬರುತ್ತಿದ್ದ ಕಾಲವದು. ಚಳಿಗಾಲಕ್ಕೆಂದು ಮೈಮೇಲೆಯೇ ಹೊಲಿದ ಬಟ್ಟೆಯನ್ನು ಕೆಲವು ಮಕ್ಕಳು ತಿಂಗಳುಗಟ್ಟಲೆ ಕಳಚುತ್ತಿರಲಿಲ್ಲ. ಹಸಿದ ಹೊಟ್ಟೆ, ಕೊಳೆಯಾದ ಮೈ, ಹುಳುಕು ಹಲ್ಲು. ಇವುಗಳೊಡನೆ ಕುಳಿತ ಕೂಸು ಪಾಠದಲ್ಲಿ ಹಿಂದೆ ಬಿದ್ದರೆ ದಡ್ಡತನದ ಹಣೆಪಟ್ಟಿ ಅದಕ್ಕೇ. ಆಕೆಯ ಒತ್ತಾಯದಿಂದ 1897ರಲ್ಲಿ ವಾಪಿಂಗ್ ಬೀದಿಯ ಶಾಲೆಯಲ್ಲಿ ಸ್ನಾನಗೃಹವು ತೆರೆಯಿತು. 1899ರಲ್ಲಿ ಡಾಕ್ಟರ್ ಜೇಮ್ಸ್ ಕೆರ್ ಅವರೊಡಗೂಡಿ ಆಕೆ ನಡೆಸಿದ ಶಾಲಾಮಕ್ಕಳ ವೈದ್ಯಕೀಯ ತಪಾಸಣೆಯು ಆ ದೇಶದ ಪ್ರಾಥಮಿಕ ಶಾಲೆಗಳಲ್ಲಿ ಮೊಟ್ಟಮೊದಲನೆಯದೆಂದು ಹೆಸರಾಗಿದೆ.

ಅನ್ನದ ಪ್ರಶ್ನೆ ಮಾತ್ರ ಸುಲಭವಾಗಿ ಬಗೆಹರಿಯಲಿಲ್ಲ. ಮಗುವು ಶಾಲೆಗೆ ಬರಲೇಬೇಕೆಂದು ವಿಧಿಸಿದ್ದ ಕಾನೂನು, ಅದಕ್ಕೆ ಉಣಿಸಲು ಸಾರ್ವಜನಿಕ ತೆರಿಗೆಯ ಹಣ ಬಳಸುವ ಅಧಿಕಾರವನ್ನು ಶಾಲಾಮಂಡಳಿಗೆ ಕೊಟ್ಟಿರಲಿಲ್ಲ. ಊಟವಿಕ್ಕುವುದು ತಂದೆತಾಯಿಗಳ ಕರ್ತವ್ಯ, ಅದನ್ನು ಕಸಿದರೆ ಅವರು ಸೋಮಾರಿಗಳಾದಾರು ಎಂಬುದು ಬಲ್ಲಿದರ ವಾದ. ಕಲಿಕೆಯನ್ನು ಕಡ್ಡಾಯ ಮಾಡಿದ ರಾಜ್ಯವು ಕಲಿಯುವ ಶಕ್ತಿಯನ್ನೂ ಒದಗಿಸಬೇಕೆಂಬುದು ಆಕೆಯ ಪ್ರತಿವಾದ. ಆಕೆ 1902ರಲ್ಲಿ ಲಂಡನ್ನಿಗೆ ತೆರಳಿದ ಮೇಲೂ ಈ ಹೋರಾಟ ನಿಲ್ಲಲಿಲ್ಲ. 1906ರ ಶಾಸನವು ಶಾಲೆಯಲ್ಲಿ ಊಟ ನೀಡಲು ಅನುಮತಿಯನ್ನಿತ್ತಿತು. 1907ರ ಶಾಸನವು ವೈದ್ಯಕೀಯ ತಪಾಸಣೆಯನ್ನು ಕರ್ತವ್ಯವಾಗಿಸಿತು. ಅದೇ 1907ರಲ್ಲಿ ಬ್ರಾಡ್‌ಫರ್ಡಿನಲ್ಲಿ ಸುಮಾರು 40 ಮಕ್ಕಳಿಗೆ ಶಾಲೆಯಲ್ಲಿ ಉಣಿಸಿ ತೂಗಿ ನೋಡಲಾಯಿತು. ಊಟ ದೊರೆತ ವಾರಗಳಲ್ಲಿ ತೂಕ ಏರಿತು. ರಜೆ ಬಂದು ಊಟ ನಿಂತಾಗ ಇಳಿಯಿತು. ವರ್ಷಗಟ್ಟಲೆ ನಡೆದ ವಾದಕ್ಕೆ ತಕ್ಕಡಿಯೇ ಸಾಕ್ಷಿ ನುಡಿಯಿತು.

ಲಂಡನ್ನಿನ ಬಡಕೇರಿಯಾದ ಡೆಟ್‌ಫರ್ಡಿನಲ್ಲಿ ಅಕ್ಕತಂಗಿಯರು 1910ರಲ್ಲಿ ಮಕ್ಕಳ ಚಿಕಿತ್ಸಾಲಯವನ್ನು ನಡೆಸತೊಡಗಿದರು. ಅಲ್ಲಿ ಅವರಿಗೆ ಇನ್ನೊಂದು ತಿಳಿವು ಮೂಡಿತು. ಮದ್ದಿನಿಂದ ಗುಣವಾಗಿ ಹೋದ ಮಗು, ಕತ್ತಲೆಯ ಕೋಣೆಗೂ ಅರೆಹೊಟ್ಟೆಗೂ ಮರಳಿ, ಅದೇ ರೋಗದೊಡನೆ ಮತ್ತೆ ಬಾಗಿಲಿಗೆ ಬರುತ್ತಿತ್ತು. ರೋಗ ಬಂದ ಮೇಲೆ ಮದ್ದರೆಯುವುದಕ್ಕಿಂತ ಬಾರದಂತೆ ಬೆಳೆಸುವುದೇ ಲೇಸೆಂದು ನಿಶ್ಚಯಿಸಿ, 1914ರಲ್ಲಿ ಅವರು ಬಯಲು ಶಿಶುಶಾಲೆಯನ್ನು ತೆರೆದರು.

ಆ ಶಾಲೆಯ ಮುಖ್ಯ ತರಗತಿಯೇ ತೋಟ. ಮಕ್ಕಳಿಗೆ ಮೀಯಿಸುವುದು, ಗಂಜಿ ಹಾಲುಗಳನ್ನು ಕೊಡುವುದು, ಮಧ್ಯಾಹ್ನದ ಊಟ, ಊಟದ ಬಳಿಕ ನಿದ್ರೆ, ಉಳಿದಂತೆ ಬಿಸಿಲು ಗಾಳಿಗಳಲ್ಲಿ ಓಟ, ಏರಾಟ, ಜಿಗಿದಾಟ. ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುವ ರಿಕೆಟ್ಸ್ ರೋಗವು ಆ ಕೇರಿಯನ್ನು ಕಾಡುತ್ತಿತ್ತು; ಅದನ್ನು ತಡೆಯಲು ಬಿಸಿಲು ನೆರವಾಗುತ್ತಿತ್ತು. ತೋಟದಲ್ಲಿ ಬೆಳೆದ ತರಕಾರಿಗಳ ನಡುವೆ ಆಡುತ್ತ, ಸಹಪಂಕ್ತಿಯಲ್ಲಿ ಕುಳಿತು ಉಣ್ಣುತ್ತ, ಮಕ್ಕಳು ಆಹಾರದ ಪಾಠವನ್ನು ಬಾಯಿಪಾಠ ಮಾಡದೆಯೇ ಕಲಿತರು. ತಾಯಂದಿರಿಗೂ ಅಲ್ಲಿ ತಿಳಿವಳಿಕೆ ದೊರೆಯಿತು.

1917ರಲ್ಲಿ, ಮಹಾಯುದ್ಧದ ನಡುವೆ, ರೇಚೆಲ್ ತೀರಿಕೊಂಡಳು. ಬಾಳಿನ ಬೆನ್ನೆಲುಬೇ ಮುರಿದರೂ ಮಾರ್ಗರೆಟ್ ಕಾಯಕವನ್ನು ಬಿಡಲಿಲ್ಲ. ಶಾಲೆಗೆ ಅಕ್ಕನ ಹೆಸರನ್ನಿಟ್ಟು ಮುನ್ನಡೆಸಿದಳು. 1923ರಲ್ಲಿ ಶಿಶುಶಾಲಾ ಸಂಘದ ಮೊದಲ ಅಧ್ಯಕ್ಷೆಯಾದಳು. ಇಂತಹ ಶಾಲೆಗಳಿಗೆ ಅಧ್ಯಾಪಕಿಯರನ್ನು ಸಿದ್ಧಗೊಳಿಸುವ ವಿದ್ಯಾಲಯವು 1930ರಲ್ಲಿ, ಅಕ್ಕನ ಹೆಸರಿನಲ್ಲಿಯೇ, ಕ್ವೀನ್ ಮೇರಿಯವರ ಹಸ್ತದಿಂದ ಉದ್ಘಾಟನೆಗೊಂಡಿತು. ಮರುವರ್ಷ, 1931ರ ಮಾರ್ಚ್ ತಿಂಗಳಲ್ಲಿ, ಆಕೆಯೂ ಕಣ್ಮುಚ್ಚಿದಳು.

ತನ್ನದೆಂಬ ಕೂಸನ್ನು ಹೆರದಿದ್ದರೂ ಸಾವಿರಾರು ಕೂಸುಗಳಿಗೆ ತಾಯಾದವಳು ಮಾರ್ಗರೆಟ್. ಮಗುವಿನ ತಟ್ಟೆಗೆ ಬೀಳುವ ಅನ್ನವೂ, ಆಟದ ಬಯಲಿನಲ್ಲಿ ಅದು ಹರಿಸುವ ಬೆವರೂ ಪಾಠಕ್ಕೆ ಹೊರತಲ್ಲವೆಂಬುದು ಆಕೆಯ ಬಾಳಿನ ಸಾರ. ಕಲಿಸುವವರೂ ಕಲಿಕೆಗೆ ನೆರವೀಯುವವರೂ ಮನನ ಮಾಡಬೇಕಾದ ಜೀವನವಿದು.